ಗೋರೆಗಾಂವಿನಲ್ಲಿ ಹಿಮಪಾತ

ಗೋರೆಗಾಂವ್ ಪೂರ್ವದ ಆರೆ ಕಾಲನಿಯೊಳಗೆ ಒಂದು ಕಾಶ್ಮೀರವಿದೆ. ಹೆಸರು ಛೋಟಾ ಕಾಶ್ಮೀರ್. ಒಂದು ಉದ್ಯಾನ, ಒಂದು ಕೆರೆ, ಕಾಲಿನಿಂದ ತುಳಿದು ಓಡಿಸುವ ದೋಣಿಗಳು, ಹುರಿದ ಶೇಂಗಾ ಮಾರುವವರು, ಬಿಸಿಲಿಲ್ಲದಿದ್ದರೂ ಛತ್ರಿ ಬಿಚ್ಚಿ ಅದರ ಮರೆಯಲ್ಲಿ ಕೂತ ಜೋಡಿಗಳು. 1949ರಲ್ಲಿ ದಾರಾ ಖುರೋಡಿಯವರು ಮುಂಬಯಿಯ ಎಮ್ಮೆಗಳನ್ನೆಲ್ಲ ಪೇಟೆಯಿಂದ ಎಬ್ಬಿಸಿ ತಂದು ಅವುಗಳಿಗೆಂದೇ ಕಟ್ಟಿದ ಊರು ಆರೆ. ಎಮ್ಮೆಗಳ ಊರಿನಲ್ಲಿ ಮನುಷ್ಯರಿಗೂ ಒಂದಿಷ್ಟು ಸುಖವಿರಲಿ ಎಂದು ಈ ಕಾಶ್ಮೀರ. ಹಿಮವೊಂದನ್ನು ಬಿಟ್ಟರೆ ಅಲ್ಲಿ ಬೇಕಾದದ್ದೆಲ್ಲ ಇದೆ. ಹಿಮವಿಲ್ಲವೆಂದು ಟಿಕೆಟಿನ ದುಡ್ಡು ವಾಪಸು ಕೇಳಿದವರನ್ನು ನಾನಂತೂ ಕಂಡಿಲ್ಲ.

ಚಳಿಯ ವಿಷಯದಲ್ಲಿ ನಮ್ಮ ಊರಿನ ಅನುಭವ ಸಣ್ಣದು, ಉತ್ಸಾಹ ದೊಡ್ಡದು. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 1962ರ ಜನವರಿ 22ರಂದು 7.4 ಡಿಗ್ರಿ ದಾಖಲಾಯಿತು. ಅದೇ ಇಂದಿಗೂ ದಾಖಲೆ. ಆ ಬೆಳಗನ್ನು ಕಣ್ಣಾರೆ ಕಂಡ ಹಿರಿಯರೊಬ್ಬರು ನಮ್ಮ ಸೊಸೈಟಿಯಲ್ಲಿದ್ದಾರೆ. ಅವರು ಆ ಕಥೆ ಹೇಳುವಾಗಲೆಲ್ಲ ಉಷ್ಣಾಂಶ ಒಂದೊಂದು ಡಿಗ್ರಿ ಇಳಿಯುತ್ತಾ ಬಂದು ಈಗ ಹಾಲಿನ ಬಾಟಲಿಯೊಳಗೆ ಹಾಲು ಗಡ್ಡೆ ಕಟ್ಟುವವರೆಗೆ ಮುಟ್ಟಿದೆ. ಉಳಿದ ನಾವು ಜನವರಿಯಲ್ಲಿ ಒಂದು ವಾರ ಹದಿನೇಳು ಡಿಗ್ರಿಗೆ ಇಳಿದರೆ ಸಾಕು, ಟ್ರಂಕಿನ ಅಡಿಯಿಂದ ನುಸಿಗುಳಿಗೆಯ ವಾಸನೆಯ ಸ್ವೆಟರ್ ತೆಗೆಯುತ್ತೇವೆ. ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರಲು ಹೊರಟವರನ್ನು ನೋಡಿದರೆ ಎವರೆಸ್ಟಿನ ಎರಡನೇ ಶಿಬಿರಕ್ಕೆ ಹೊರಟಿದ್ದಾರೆ ಅನ್ನಬೇಕು.

ಆದರೆ ಗೋರೆಗಾಂವಿನಲ್ಲಿ ಹಿಮ ಬಿದ್ದೇ ಇಲ್ಲ ಎಂದರೆ ತಪ್ಪಾದೀತು. ಇಲ್ಲಿ ಎಷ್ಟೋ ಸಲ ಬಿದ್ದಿದೆ, ಅದೂ ಮೇ ತಿಂಗಳಿನಲ್ಲಿ. ಪಶ್ಚಿಮದಲ್ಲಿ, ಎಸ್.ವಿ. ರೋಡಿನ ಬದಿಗೆ, 1943ರಲ್ಲಿ ಶಶಧರ್ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು ಬಾಂಬೆ ಟಾಕೀಸ್ ಬಿಟ್ಟುಬಂದು ಕಟ್ಟಿದ ಫಿಲ್ಮಿಸ್ತಾನ್ ಸ್ಟುಡಿಯೊ. ಪೂರ್ವದಲ್ಲಿ, ಆರೆಯ ಗುಡ್ಡಗಳ ಬೆನ್ನಿಗೆ, 1977ರಲ್ಲಿ ಮಹಾರಾಷ್ಟ್ರ ಸರಕಾರ ಮಾಡಿದ ಫಿಲ್ಮ್ ಸಿಟಿ. ರೈಲುಹಳಿಯ ಎರಡೂ ಕಡೆ ಹೀಗೆ ಹಿಮ ತಯಾರಿಸುವ ಜಾಗಗಳು ಇದ್ದ ಸ್ಟೇಷನ್ ಇಡೀ ವೆಸ್ಟರ್ನ್ ಲೈನಿನಲ್ಲಿ ಇನ್ನೊಂದಿರಲಾರದು. ಶಶಧರ್ ಮುಖರ್ಜಿಯವರ ತಮ್ಮ ಸುಬೋಧ್ ಮುಖರ್ಜಿ 1961ರಲ್ಲಿ ‘ಜಂಗ್ಲೀ’ ತೆಗೆದರು. ಅದರಲ್ಲಿ ಶಮ್ಮಿ ಕಪೂರ್ ನಿಜವಾದ ಹಿಮದಲ್ಲೇ ಬಿದ್ದು ಹೊರಳಿ ಕೂಗಿದ. ಅಲ್ಲಿಯವರೆಗೆ ಹಿಮವೆಂದರೆ ಕೈಲಾಸ, ತಪಸ್ಸು, ಶಿವ ಎಂದುಕೊಂಡಿದ್ದ ಜನಕ್ಕೆ ಅದರ ಮೇಲೆ ಬೀಳುವುದೂ ಒಂದು ಮೋಜು ಎಂದು ಗೊತ್ತಾದದ್ದು ಆಗ.

ಎಲ್ಲ ನಿರ್ಮಾಪಕರಿಗೂ ಬೆಟ್ಟಕ್ಕೆ ಹೋಗುವ ತಾಕತ್ತಿರಲಿಲ್ಲವಲ್ಲ, ಬೆಟ್ಟವೇ ಸೆಟ್ಟಿಗೆ ಬಂತು. ಇದರ ವಿವರ ಬೇಕಾದವರು ನಮ್ಮ ಶೆಟ್ರನ್ನು ಕೇಳಬೇಕು. ಸ್ಟೇಷನ್ ಹತ್ತಿರದ ಅವರ ಹೋಟೆಲಿನಿಂದ ಶೂಟಿಂಗ್‌ಗಳಿಗೆ ಇಡ್ಲಿ, ಚಹಾ ಹೋಗುತ್ತಿತ್ತು. ಹಿಮದಲ್ಲಿ ತರಾವರಿ ಇತ್ತಂತೆ. ದೂರದ ಶಿಖರಕ್ಕೆ ಪ್ಲಾಸ್ಟರು, ಮರದ ಕೊಂಬೆಗೆ ಹತ್ತಿ, ಗಾಳಿಯಲ್ಲಿ ಹಾರುವುದಕ್ಕೆ ಥರ್ಮೋಕೋಲಿನ ಪುಡಿ, ಹತ್ತಿರದಿಂದ ತೋರಿಸುವುದಾದರೆ ಸಾಬೂನಿನ ನೊರೆ, ಹೀರೊ ಕಾಲಿಟ್ಟು ನಡೆಯುವುದಕ್ಕೆ ಉಪ್ಪು. “ಮೂಟೆ ಮೂಟೆ ಉಪ್ಪು ಮಾರಾಯ್ರೆ, ನನ್ನ ಹೋಟೆಲಿಗೆ ಹತ್ತು ವರ್ಷಕ್ಕೆ ಬೇಕಾದಷ್ಟು” ಎಂದು ಶೆಟ್ರು ಎರಡೂ ಕೈ ಅಗಲಿಸುತ್ತಾರೆ. ಮೇಲೆ ಸುಡುವ ಲೈಟು, ಒಳಗೆ ಉಣ್ಣೆಯ ಕೋಟು. ಹೀರೊ ನಡುಗುವ ನಟನೆ ಮಾಡಬೇಕು, ಬೆವರು ಒರೆಸಲು ಒಬ್ಬ ಟವೆಲು ಹಿಡಿದು ಪಕ್ಕದಲ್ಲೇ ನಿಂತಿರಬೇಕು. ಒಂದು ದಿನ ಪ್ಯಾಕಪ್ ಆದಮೇಲೆ ತಬೇಲಾದ ಎರಡು ಎಮ್ಮೆಗಳು ಒಳನುಗ್ಗಿ, ಬೆಳಗಾಗುವುದರೊಳಗೆ ಹಿಮಾಲಯವನ್ನು ಅರ್ಧ ನೆಕ್ಕಿ ಹಾಕಿದ್ದವಂತೆ. ಮರುದಿನ ಹಾಲಿನ ಚಹಾ ಉಪ್ಪುಪ್ಪಾಗಿತ್ತು ಎನ್ನುವುದು ಮಾತ್ರ ಶೆಟ್ರು ಆಮೇಲೆ ಸೇರಿಸಿದ್ದಿರಬೇಕು.

1990ರ ಆಚೀಚೆ ಕಾಶ್ಮೀರ ಹೊತ್ತಿಕೊಂಡಿತು. ಕ್ಯಾಮರಾಗಳು ದಾಲ್ ಸರೋವರ ಬಿಟ್ಟು ಆಲ್ಪ್ಸ್ ಹತ್ತಿದವು. ಸ್ವಿಟ್ಜರ್ಲೆಂಡನ್ನು ರಾಜ್ ಕಪೂರ್ 1964ರ ‘ಸಂಗಮ್’ನಲ್ಲೇ ತೋರಿಸಿದ್ದ. ಆದರೆ ಅದನ್ನು ನಮ್ಮ ನೆರೆಮನೆ ಮಾಡಿದವರು ಯಶ್ ಚೋಪ್ರಾ. 1989ರಲ್ಲಿ ‘ಚಾಂದನಿ’, 1995ರಲ್ಲಿ ಮಗ ಆದಿತ್ಯ ಚೋಪ್ರಾ ತೆಗೆದ ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’. ಆ ದೇಶ ಋಣ ಇಟ್ಟುಕೊಳ್ಳಲಿಲ್ಲ. 2016ರಲ್ಲಿ ಇಂಟರ್‌ಲಾಕೆನ್‌ನಲ್ಲಿ ಯಶ್ ಚೋಪ್ರಾರ ಪ್ರತಿಮೆ ನಿಲ್ಲಿಸಿತು. 2022ರಲ್ಲಿ ತನ್ನ ಪ್ರವಾಸೋದ್ಯಮದ ರಾಯಭಾರಿಯಾಗಿ ಜಾವೆಲಿನ್ ಎಸೆಯುವ ನೀರಜ್ ಚೋಪ್ರಾನನ್ನು ಕರೆಯಿತು. ಚೋಪ್ರಾಗಳಿಗೂ ಆ ಗುಡ್ಡಗಳಿಗೂ ಹಿಂದಿನ ಜನ್ಮದ ಏನೋ ಲೆಕ್ಕ ಬಾಕಿಯಿದೆ.

ಈ ಸಿನಿಮಾಗಳು ನಮಗೆ ಕಲಿಸಿದ್ದೇನೆಂದರೆ, ಹಿಮದ ಮೇಲೆ ನಾಯಕ ಜಾಕೆಟ್ಟು, ಮಫ್ಲರು ಹಾಕಬೇಕು, ನಾಯಕಿ ತೆಳ್ಳಗಿನ ಶಿಫಾನ್ ಸೀರೆ ಉಡಬೇಕು, ಇಬ್ಬರೂ ಅಲ್ಲಿ ಓಡಾಡಬೇಕು, ಹಾಡಬೇಕು, ನಿಲ್ಲಬೇಕು. ಯಾರೂ ಸ್ಕೀ ಮಾಡುತ್ತಿರಲಿಲ್ಲ. ಸ್ಕೀ ಮಾಡುವ ಸ್ಥಳೀಯರು ಹಿಂದಿನಿಂದ ಸುಯ್ಯೆಂದು ಹಾದುಹೋಗುವುದು ಕಂಡರೂ ಅದು ಹಿಮದ ಒಂದು ಲಕ್ಷಣವೆಂದೇ ನಾವು ತಿಳಿದೆವು.

ಬೆನ್ನಿಗೇ ಮುಂಬಯಿಯ ಟೂರ್ ಕಂಪನಿಗಳು ಹೊರಟವು. 1984ರಲ್ಲಿ ಶುರುವಾದ ಕೇಸರಿ, 2013ರಲ್ಲಿ ಬಂದ ವೀಣಾ ವರ್ಲ್ಡ್, ಇನ್ನೂ ಹಲವು. ಇವು ಯುರೋಪನ್ನು ಹದಿನೈದು ದಿನಕ್ಕೆ ಮಡಚಿ ಗೋರೆಗಾಂವಿನ ಕಾಕೂಗಳ ಚೀಲದೊಳಗೆ ಹಾಕಿಕೊಟ್ಟವು. ಟೂರ್ ಮ್ಯಾನೇಜರ್ ಎನ್ನುವ ಹುಡುಗ ಊಟಕ್ಕೆ ಅನ್ನ, ಸಾರು ಹೊಂದಿಸುತ್ತಾನೆ, ಜೈನರಿಗೆ ಬೇರೆ ಪಂಕ್ತಿ ಮಾಡಿಸುತ್ತಾನೆ, ತಪ್ಪಿಸಿಕೊಂಡವರನ್ನು ಹುಡುಕಿ ತರುತ್ತಾನೆ, ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿಸುತ್ತಾನೆ. ಒಂದೇ ಒಂದು ತೊಡಕು ಕ್ಯಾಲೆಂಡರಿನದು. ಆಲ್ಪ್ಸ್‌ನಲ್ಲಿ ಸ್ಕೀ ಋತು ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ನಮ್ಮ ಶಾಲೆಗಳಿಗೆ ರಜೆ ಮೇ ತಿಂಗಳಿಗೆ. ಹಾಗಾಗಿ ನಾವು ಹೋಗಿ ತಲುಪುವಾಗ ಕೆಳಗಿನ ಗುಡ್ಡಗಳಲ್ಲಿ ಲಿಫ್ಟುಗಳು ನಿಂತಿರುತ್ತವೆ, ಹಸುಗಳು ಕೊರಳಗಂಟೆ ಕಟ್ಟಿಕೊಂಡು ಸ್ಕೀ ಹಾದಿಯ ಹುಲ್ಲು ಮೇಯುತ್ತಿರುತ್ತವೆ. ಆರೆ ಕಾಲನಿಯಿಂದ ಹೊರಟವರು ಇನ್ನೊಂದು ಆರೆ ಕಾಲನಿಗೆ ಬಂದು ಇಳಿದದ್ದಾಯಿತು.

ಗೋರೆಗಾಂವ್ ಪೂರ್ವದ ನೆಸ್ಕೋದಲ್ಲಿ, ಎಂದರೆ ಬಾಂಬೆ ಎಕ್ಸಿಬಿಷನ್ ಸೆಂಟರಿನಲ್ಲಿ, ಹಲವು ವರ್ಷ ಔಟ್‌ಬೌಂಡ್ ಟ್ರಾವೆಲ್ ಮಾರ್ಟ್ ನಡೆಯುತ್ತಿತ್ತು. ದೇಶದೇಶದವರು ತಮ್ಮ ಬೆಟ್ಟ, ಬೀಚು, ಕೋಟೆ, ಒಂಟೆಗಳನ್ನು ಮಾರಲು ಬರುವ ಸಂತೆ. ಟ್ರಾವೆಲ್ ಏಜೆಂಟರಿಗೆ ಮೀಸಲು, ಆದರೆ ನಮ್ಮ ಭಾವನದು ಅದೇ ವ್ಯವಹಾರವಾದ್ದರಿಂದ ನನಗೂ ಒಂದು ಪಾಸು ಸಿಕ್ಕಿತ್ತು. ಮಳಿಗೆಯೊಂದರಲ್ಲಿ ಆಳೆತ್ತರದ ಫೋಟೊ: ನೀಲಿ ಆಕಾಶದಲ್ಲಿ ಸ್ನೋಬೋರ್ಡಿನ ಸಮೇತ ತಲೆಕೆಳಗಾಗಿ ಹಾರುತ್ತಿದ್ದ ಒಬ್ಬ ತರುಣ. ಅದರ ಕೆಳಗೆ ಕೂತ ಯುರೋಪಿನ ಹೆಣ್ಣುಮಗಳು ಇಳಿಜಾರುಗಳ ನಕ್ಷೆ ಬಿಡಿಸಿ, ನೀಲಿ ಗೆರೆಯೆಂದರೆ ಸುಲಭ, ಕೆಂಪೆಂದರೆ ಸ್ವಲ್ಪ ಕಷ್ಟ, ಕಪ್ಪೆಂದರೆ ಪಳಗಿದವರಿಗೆ ಮಾತ್ರ ಎಂದು ತಾಳ್ಮೆಯಿಂದ ವಿವರಿಸುತ್ತಿದ್ದಳು. ಎದುರು ಕೂತ ಘಾಟ್ಕೋಪರಿನ ಏಜೆಂಟರು ಎಲ್ಲವನ್ನೂ ಬರೆದುಕೊಂಡು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. “ಮೇಲೆ ಹೋಗುವುದು ಯಾವ ಬಣ್ಣ? ನಮ್ಮವರು ಹತ್ತಿ ಇಳಿಯುವುದು ಕೇಬಲ್ ಕಾರಿನಲ್ಲೇ.”

ನಾನು ಅವರ ಪಕ್ಷ. ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಬೆಟ್ಟದ ಮೇಲೆ ಅದನ್ನೇ ಮಾಡಿದವನು ನಾನು. ಎಂಗೆಲ್‌ಬರ್ಗಿನಿಂದ ಮೇಲಕ್ಕೆ ಹೋಗುವಾಗ ಕೊನೆಯ ಹಂತದಲ್ಲಿ ತನ್ನಷ್ಟಕ್ಕೆ ಸುತ್ತುವ ಕೇಬಲ್ ಕಾರು ಸಿಗುತ್ತದೆ. 1992ರಲ್ಲಿ ಅದು ಬಂದಾಗ ಜಗತ್ತಿನಲ್ಲೇ ಮೊದಲನೆಯದು. ಸುತ್ತ ಇಷ್ಟು ದೃಶ್ಯವಿರುವಾಗ ಕತ್ತು ತಿರುಗಿಸುವ ಶ್ರಮವೂ ಬೇಡ ಎಂದು ಯೋಚಿಸಿದ ಎಂಜಿನಿಯರನಿಗೆ ಒಂದು ನಮಸ್ಕಾರ. 3,020 ಮೀಟರ್ ಎತ್ತರದಲ್ಲಿ ಇಳಿದರೆ ಎದುರಿಗೇ ‘ದಿಲ್‌ವಾಲೇ’ಯ ಶಾರುಖ್ ಮತ್ತು ಕಾಜೋಲ್‌ರ ಕಟೌಟು, ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಸಾಲು. ಸಾಲಿನಲ್ಲಿ ಸೀರೆಯ ಮೇಲೆ ಜಾಕೆಟ್ಟು, ಜಾಕೆಟ್ಟಿನ ಮೇಲೆ ಮಂಗಳಸೂತ್ರ. ಒಂದು ಹಿಡಿ ಹಿಮ ತೆಗೆದು ಗಂಡನ ಮೇಲೆ ಎಸೆದ ಕಾಂದಿವಲಿಯ ಹೆಂಗಸಿನ ಮುಖದಲ್ಲಿ ಮೂವತ್ತು ವರ್ಷದ ಬಾಕಿ ತೀರಿಸಿದ ಸಂತೋಷವಿತ್ತು. ಆಚೆ ಬದಿಯಲ್ಲಿ ಋತು ಮುಗಿದರೂ ಮನಸ್ಸು ಬಾರದ ನಾಲ್ಕಾರು ಸ್ಕೀಗಾರರು ಹೆಲ್ಮೆಟ್ಟು ಕಟ್ಟಿಕೊಂಡು ಕಣಿವೆಗೆ ಧುಮುಕುತ್ತಿದ್ದರು. ಅವರು ಒಮ್ಮೆ ನಮ್ಮನ್ನು ನೋಡಿದರು. ನಾವು ಒಮ್ಮೆ ಅವರನ್ನು ನೋಡಿದೆವು. ಇಬ್ಬರಿಗೂ ಪರಸ್ಪರ ಕನಿಕರ ಹುಟ್ಟಿತು.

ಯೋಚಿಸಿದರೆ ನಮ್ಮವರು ಜಾರಲು ಹಿಂಜರಿಯುವುದಕ್ಕೆ ಗಟ್ಟಿ ಕಾರಣವಿದೆ. ನನ್ನ ಅಪ್ಪ ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಬಂದು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದವರು. ಹೋಟೆಲಿನ ಅಡುಗೆಮನೆಯ ನೆಲವೆಂದರೆ ನೀರು, ಎಣ್ಣೆ, ಉದ್ದಿನ ಹಿಟ್ಟು. ಒಂದು ಕೈಯಲ್ಲಿ ಆರು ಗ್ಲಾಸು ಹಿಡಿದು ಅದರ ಮೇಲೆ ಜಾರದೆ ನಡೆಯುವುದು ಅಲ್ಲಿನ ಮೊದಲ ಪಾಠ. ಗ್ಲಾಸು ಒಡೆದರೆ ಸಂಬಳದಲ್ಲಿ ಕಡಿತ. ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಚಾಳಿನ ಪಾಚಿ ಹಿಡಿದ ಮೆಟ್ಟಿಲು. ಮುಂದೆ ನಾನು ಬ್ಯಾಂಕಿಗೆ ಸೇರಿ ಮೂವತ್ತು ಮಳೆಗಾಲ ಚರ್ಚ್‌ಗೇಟಿಗೆ ಓಡಾಡಿದೆ. ಒದ್ದೆ ಪ್ಲಾಟ್‌ಫಾರ್ಮು, ರಬ್ಬರ್ ಚಪ್ಪಲಿ, ಒಳಬರುತ್ತಿರುವ ರೈಲು. ಎರಡು ತಲೆಮಾರು ಜಾರದೆ ನಿಲ್ಲುವುದನ್ನೇ ವಿದ್ಯೆಯೆಂದು ಕಲಿತವರನ್ನು ಗುಡ್ಡದ ತುದಿಗೆ ಕರೆದೊಯ್ದು, ಕಾಲಿಗೆ ಮೇಣ ಉಜ್ಜಿದ ಹಲಗೆ ಕಟ್ಟಿ, ಇನ್ನು ದುಡ್ಡು ಕೊಟ್ಟು ಜಾರಿ ಎಂದರೆ? ಅಲ್ಲಿಯವರೆಗೆ ಬಂದು ಜಾರದೆ ನಿಂತು ಒಂದು ಫೋಟೊ ತೆಗೆಸಿಕೊಂಡಿದ್ದೇವಲ್ಲ, ಅದು ಅಪ್ಪನಿಗೆ ಅರ್ಥವಾಗುವಂಥ ಸಾಧನೆ.

ಹೀಗೆಂದು ಸ್ಕೀಯಿಂಗ್ ನಮಗೆ ಸಂಬಂಧವಿಲ್ಲದ ವಿದ್ಯೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಹೆನ್ರಿ ಲನ್ ಎಂಬ ಮೆಥಡಿಸ್ಟ್ ಪಾದ್ರಿ 1887ರಲ್ಲಿ ಧರ್ಮಪ್ರಚಾರಕ್ಕೆಂದು ಭಾರತಕ್ಕೆ ಬಂದ. ಆರೋಗ್ಯ ಕೈಕೊಟ್ಟಿತು, ಬೇಗನೆ ಹಿಂದಿರುಗಿದ. 1892ರಲ್ಲಿ ಬೇರೆ ಬೇರೆ ಪಂಥದ ಕ್ರೈಸ್ತರನ್ನು ಒಂದುಗೂಡಿಸಲು ಆಲ್ಪ್ಸ್‌ನ ಗ್ರಿಂಡೆಲ್‌ವಾಲ್ಡ್‌ನಲ್ಲಿ ಸಭೆ ಕರೆದ. ಪಂಥಗಳು ಒಂದಾಗಲಿಲ್ಲ, ಆದರೆ ಅಷ್ಟು ಜನಕ್ಕೆ ರೈಲು, ಹೋಟೆಲು, ಊಟ ಹೊಂದಿಸಿದ ಅನುಭವದಿಂದ ಅವನೊಳಗಿನ ಟೂರ್ ಮ್ಯಾನೇಜರ್ ಎದ್ದು ಕೂತ. ಇಂಗ್ಲೆಂಡಿನ ಅನುಕೂಲಸ್ಥರನ್ನು ಚಳಿಗಾಲದಲ್ಲಿ ಆಲ್ಪ್ಸ್‌ಗೆ ಕರೆತರುವ ದೊಡ್ಡ ವ್ಯಾಪಾರವೇ ಬೆಳೆಯಿತು. ಅವನ ಮಗ ಆರ್ನಾಲ್ಡ್ ಲನ್ 1922ರಲ್ಲಿ ಮ್ಯೂರೆನ್ ಎಂಬ ಹಳ್ಳಿಯಲ್ಲಿ, ನೆಟ್ಟ ಕಂಬಗಳ ನಡುವೆ ತಿರುಗಿ ತಿರುಗಿ ಇಳಿಯುವ ಸ್ಲಾಲಮ್ ಸ್ಪರ್ಧೆಯನ್ನು ಈಗಿನ ರೂಪಕ್ಕೆ ತಂದ. ಇಂದು ಒಲಿಂಪಿಕ್ಸ್‌ನಲ್ಲಿ ನೋಡುವುದು ಅದನ್ನೇ. ಈ ಆರ್ನಾಲ್ಡ್ ಹುಟ್ಟಿದ್ದು 1888ರಲ್ಲಿ, ಮದ್ರಾಸಿನಲ್ಲಿ. ಹಿಮವೆಂಬುದನ್ನು ಕಂಡರಿಯದ ಮದ್ರಾಸಿನಲ್ಲಿ! ಅವನ ಬಳಗ ಮ್ಯೂರೆನ್‌ನಲ್ಲಿ ಕಟ್ಟಿದ ಸ್ಕೀ ಕ್ಲಬ್ಬಿಗೆ ಕಂದಹಾರ್ ಎಂದು ಹೆಸರು. ಆಫ್ಘನ್ ಯುದ್ಧದ ಸೇನಾನಿ, ಕಂದಹಾರಿನ ಲಾರ್ಡ್ ರಾಬರ್ಟ್ಸ್ ಸ್ಕೀ ಸ್ಪರ್ಧೆಗೊಂದು ಬಟ್ಟಲು ಕೊಟ್ಟಿದ್ದನೆಂದು. ಆ ರಾಬರ್ಟ್ಸ್ ಹುಟ್ಟಿದ್ದು ಕಾನ್ಪುರದಲ್ಲಿ.

ನಮ್ಮ ಟೂರಿನ ಬಸ್ಸು ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಜಲಪಾತಕ್ಕೆಂದು ನಿಂತಾಗ ಮ್ಯೂರೆನ್ ತಲೆಯ ಮೇಲೇ, ಬಂಡೆಯ ಅಂಚಿನಲ್ಲಿತ್ತು. ಈ ಮದ್ರಾಸಿನ ಕಥೆಯನ್ನು ನಾನು ಸಹಪ್ರಯಾಣಿಕರಿಗೆ ಹೇಳಹೊರಟೆ. ಅಷ್ಟರಲ್ಲಿ ಥೇಪ್ಲಾ ಹಂಚುವ ಹೊತ್ತಾಯಿತು. ಲನ್ ಮಹಾಶಯ ಹಿಂದೆ ಬಿದ್ದ.

ಸ್ನೋಬೋರ್ಡಿನ ವಂಶಾವಳಿ ಇಷ್ಟು ಉದ್ದವಿಲ್ಲ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಚಿಗನ್ನಿನಲ್ಲಿ ಶರ್ಮನ್ ಪಾಪ್ಪೆನ್ ಎಂಬ ಎಂಜಿನಿಯರ್ ಮಕ್ಕಳ ಗಲಾಟೆ ತಡೆಯಲಾರದೆ ಎರಡು ಸ್ಕೀ ಹಲಗೆ ಜೋಡಿಸಿ ಒಂದು ಮಾಡಿಕೊಟ್ಟ. ಅಲ್ಲಿಂದ ಶುರು. 1998ರ ನಗಾನೊ ಒಲಿಂಪಿಕ್ಸ್‌ಗೆ ಅದೂ ಸೇರಿತು. ಎರಡು ಕಾಲನ್ನೂ ಒಂದೇ ಹಲಗೆಗೆ ಬಿಗಿಯಬೇಕಾದ್ದರಿಂದ ಸ್ನೋಬೋರ್ಡಿನವರು ಆಗಾಗ ಇಳಿಜಾರಿನಲ್ಲಿ ಸಾಲಾಗಿ ಕೂತು ಪಟ್ಟಿ ಬಿಗಿಯುವುದು, ಬಿಚ್ಚುವುದು ಮಾಡುತ್ತಿರುತ್ತಾರೆ. ಕೆಲಸವಿಲ್ಲದೆ ಹಿಮದ ಮೇಲೆ ಹೀಗೆ ಕೂರುವ ಆಟವೂ ಇದೆ ಎಂದು ತಿಳಿದದ್ದರಿಂದ ನಮ್ಮ ಗುಂಪಿನಲ್ಲಿ ಹಲವರಿಗೆ ಅದರ ಬಗ್ಗೆ ಗೌರವ ಹೆಚ್ಚಿತು.

ನನ್ನ ಅಕ್ಕನ ಮಗ ಮಾತ್ರ ನಿಜವಾಗಿ ಕಲಿತವನು, ಆಲ್ಪ್ಸ್‌ನಲ್ಲಲ್ಲ, ಗುಲ್ಮಾರ್ಗ್‌ನಲ್ಲಿ. ಅಲ್ಲಿ ಬ್ರಿಟಿಷರು 1927ರಲ್ಲೇ ಸ್ಕೀ ಕ್ಲಬ್ ಆಫ್ ಇಂಡಿಯಾ ಮಾಡಿದ್ದರು. ಈಗಿನ ಗೊಂಡೊಲಾ ಕೇಬಲ್ ಕಾರಿನ ಮೊದಲ ಹಂತ 1998ರಲ್ಲಿ ಕೊಂಗ್‌ಡೂರಿಯವರೆಗೆ, ಎರಡನೆಯದು 2005ರಲ್ಲಿ ಅಫರ್ವತ್ ಬೆಟ್ಟದ ಹೆಗಲವರೆಗೆ, ಸುಮಾರು 13,000 ಅಡಿ. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಸ್ಪರ್ಧಿ ಆರಿಫ್ ಖಾನ್ ಅಲ್ಲಿನವನೇ. ಲನ್‌ನ ಸ್ಲಾಲಮ್‌ನಲ್ಲಿ ಗುರಿ ಮುಟ್ಟಲಾಗಲಿಲ್ಲ, ಜಯಂಟ್ ಸ್ಲಾಲಮ್‌ನಲ್ಲಿ 45ನೆಯವನಾದ. ನಮ್ಮಂಥ ದೇಶಕ್ಕೆ ಅದು ಸಣ್ಣದಲ್ಲ. ಇನ್ನು ಕರ್ನಾಟಕದವರಿಗೂ ಹಿಮಕ್ಕೂ ಏನು ಎನ್ನುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡರ ಹೆಸರು ಹೇಳಬೇಕು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಚಿನ್ನ ಗೆದ್ದು, 2025ರಲ್ಲಿ ಚಿಲಿ ದೇಶದ ಸ್ಪರ್ಧೆಯಲ್ಲಿ ಕಂಚು ತಂದವರು. ಅವರದು ಕ್ರಾಸ್ ಕಂಟ್ರಿ. ಲಿಫ್ಟಿಲ್ಲ, ಗೊಂಡೊಲಾ ಇಲ್ಲ, ಹತ್ತುವುದೂ ಸ್ವಂತ ಕಾಲಿನಲ್ಲೇ. ಕಾಫಿತೋಟದ ಏರುದಾರಿಯಲ್ಲಿ ಬೆಳೆದವರಿಗೆ ಲಿಫ್ಟು ಯಾಕೆ?

ಅಕ್ಕನ ಮಗ ಹೇಳುವ ಪ್ರಕಾರ ಸ್ಕೀಯಿಂಗ್‌ನಲ್ಲಿ ಹೊಸಬರು ಹೆದರುವುದು ಇಳಿಜಾರಿಗಿಂತ ಚೇರ್ ಲಿಫ್ಟಿಗೆ. ಸಾಲುಸಾಲು ಕುರ್ಚಿಗಳು ತಂತಿಯಲ್ಲಿ ತೂಗುತ್ತ ಬರುತ್ತವೆ, ನಮಗಾಗಿ ನಿಲ್ಲುವುದಿಲ್ಲ. ಸರಿಯಾದ ಕ್ಷಣಕ್ಕೆ ಮುಂದೆ ಸರಿದು, ಹಿಂದಿನಿಂದ ಬಂದ ಕುರ್ಚಿಗೆ ಬೆನ್ನು ಕೊಟ್ಟು ಕೂತುಬಿಡಬೇಕು. ಮೇಲೆ ಅದೇ ಲೆಕ್ಕದಲ್ಲಿ ಎದ್ದು ಬದಿಗೆ ಸರಿಯಬೇಕು, ಇಲ್ಲವಾದರೆ ಹಿಂದಿನವರು ಮೈಮೇಲೆ. ಬೆಂಗಳೂರಿನಿಂದ ಬಂದಿದ್ದ ಹುಡುಗರು ಬಿದ್ದರು, ದಿಲ್ಲಿಯವರು ಕೂಗಾಡಿದರು. ಇವನು ಸಲೀಸಾಗಿ ಕೂತ. ಶಿಕ್ಷಕ ಆಶ್ಚರ್ಯಪಟ್ಟು ಮೊದಲು ಎಲ್ಲಿ ಕಲಿತಿದ್ದೆ ಎಂದು ಕೇಳಿದರೆ, “ಗೋರೆಗಾಂವ್, ಬೆಳಿಗ್ಗೆ 8.20ರ ಹೊತ್ತಿಗೆ” ಎಂದನಂತೆ. ವಿರಾರ್ ಕಡೆಯಿಂದ ತುಂಬಿ ಬರುವ ಲೋಕಲ್ ನಿಲ್ಲುವ ಮೊದಲೇ ಹತ್ತಿ, ಅಂಧೇರಿಯಲ್ಲಿ ಇಳಿಯುವವರ ದಾರಿಗೆ ಅಡ್ಡವಾಗದೆ ಬದಿಗೆ ಸರಿದು ನಿಂತವನಿಗೆ ತಂತಿಯ ಕುರ್ಚಿ ಯಾವ ಲೆಕ್ಕ.

ಈಚೆಗೆ ಆಲ್ಪ್ಸ್‌ನಲ್ಲೂ ಹಿಮಕ್ಕೆ ತತ್ವಾರ. ತಗ್ಗಿನ ಊರುಗಳಲ್ಲಿ ರಾತ್ರಿಯಿಡೀ ಫಿರಂಗಿಯಂಥ ಯಂತ್ರಗಳು ನೀರನ್ನು ಚಳಿಗಾಳಿಗೆ ಚಿಮ್ಮಿಸಿ ಹಿಮ ಮಾಡುತ್ತವೆ. ರೋನ್ ಹಿಮನದಿಗೆ ಬೇಸಿಗೆಯಲ್ಲಿ ಬಿಳಿ ಕಂಬಳಿ ಹೊದಿಸುತ್ತಾರೆ, ಕರಗದಿರಲೆಂದು. 2023ರ ಜನವರಿಯಲ್ಲಿ ಚಳಿಗಾಲವೇ ಬೆಚ್ಚಗಾಗಿ, ಶಾರುಖ್–ಕಾಜೋಲ್ ಓಡಾಡಿದ ಅದೇ ಗ್ಸ್ಟಾಡ್ ಸೀಮೆಯಲ್ಲಿ ಸ್ಕೀ ಹಾದಿ ಉಳಿಸಿಕೊಳ್ಳಲು ಹೆಲಿಕಾಪ್ಟರಿನಲ್ಲಿ ಹಿಮ ಹೊತ್ತು ತಂದು ಸುರಿದರು. ಪೇಪರಿನಲ್ಲಿ ಓದಿ ಶೆಟ್ರಿಗೆ ಹೇಳಿದೆ. ಅವರು ಗಲ್ಲಾದ ಹಿಂದೆ ಕೂತು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಹೆಲಿಕಾಪ್ಟರಿನ ಖರ್ಚಲ್ಲಿ ಎಷ್ಟು ಲಾರಿ ಉಪ್ಪು ಬರ್ತಿತ್ತು ಮಾರಾಯ್ರೆ, ನಮ್ಮ ಫಿಲ್ಮ್ ಸಿಟಿಯವರನ್ನು ಒಂದು ಮಾತು ಕೇಳಬಾರದಿತ್ತಾ?”

ಈ ವರ್ಷ ನಮ್ಮನ್ನು ಮೇ ಬಿಟ್ಟು ಫೆಬ್ರವರಿಯಲ್ಲಿ ಬರಲು ಜ್ಯೂರಿಕ್‌ನಲ್ಲಿರುವ ಮಗಳು ಕರೆದಿದ್ದಾಳೆ. ಆ ಕಡೆ ಫೆಬ್ರವರಿಯಲ್ಲಿ ಶಾಲೆಗಳಿಗೆ ಕ್ರೀಡಾರಜೆ. ಊರಿಗೆ ಊರೇ ಹಲಗೆ ಹೊತ್ತು ಗುಡ್ಡಕ್ಕೆ ಹೋಗುತ್ತದೆ. ಮೊಮ್ಮಗನಿಗೆ ಐದು ವರ್ಷ, ಸ್ಕೀ ಶಾಲೆಗೆ ಸೇರಿದ್ದಾನೆ. ವೇಗ ತಗ್ಗಿಸಲು ಸ್ಕೀಗಳ ಮೂತಿ ಸೇರಿಸಿ ಹಿಂಬದಿ ಅಗಲಿಸಿದರೆ ಪಿಜ್ಜಾ, ನೇರ ಇಳಿಯಲು ಎರಡನ್ನೂ ಸಮನಾಗಿ ಇಟ್ಟರೆ ಫ್ರೆಂಚ್ ಫ್ರೈ ಎಂದು ಅಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಫೋನಿನಲ್ಲಿ ಅವನು “ಅಜ್ಜಾ, ನಾನು ಇವತ್ತು ಹತ್ತು ಪಿಜ್ಜಾ ಮಾಡಿದೆ” ಎಂದಾಗ ನನ್ನ ಹೆಂಡತಿ, ಅಷ್ಟೆಲ್ಲ ತಿನ್ನಲು ಮಗುವಿಗೆ ಕೊಟ್ಟವರು ಯಾರು ಎಂದು ಮಗಳನ್ನು ತರಾಟೆಗೆ ತೆಗೆದುಕೊಂಡಳು. ಅಲ್ಲಿ ಎಪ್ಪತ್ತರ ವಯಸ್ಸಿನವರೂ ಹೊಸದಾಗಿ ಕಲಿಯುತ್ತಾರಂತೆ. “ಅಪ್ಪ, ನೀವೂ ಒಂದು ದಿನ ಕ್ಲಾಸಿಗೆ ಸೇರಿ” ಎಂದು ಮಗಳ ಒತ್ತಾಯ. ಮೊದಲ ದಿನ ಹೇಳಿಕೊಡುವುದು ಬೀಳುವುದನ್ನು, ಬಿದ್ದಮೇಲೆ ಏಳುವುದನ್ನು ಅಂತೆ. ಬೀಳುವುದಕ್ಕೆ ಈ ವಯಸ್ಸಿನಲ್ಲಿ ಟ್ಯೂಷನ್ ಬೇಕೇ ಎಂದು ನನ್ನ ಹೆಂಡತಿಯ ಪ್ರಶ್ನೆ.

ಕಳೆದ ವಾರ ಪ್ರವಾಸ ವಿಮೆಯ ಫಾರಂ ಭರ್ತಿ ಮಾಡಿಸಲು ಏಜೆಂಟ್ ಮನೆಗೆ ಬಂದಿದ್ದ. ಕುಂದಾಪುರದ ಕಡೆಯ ಹುಡುಗ, ಚುರುಕು. ಹೆಸರು, ವಯಸ್ಸು, ಶುಗರು, ಬಿಪಿ ಎಲ್ಲ ಮುಗಿದಮೇಲೆ ಕೇಳಿದ, “ಚಳಿಗಾಲದ ಕ್ರೀಡೆ ಉಂಟಾ ಅಂಕಲ್? ಸ್ಕೀಯಿಂಗ್ ಮಾಡೋದಾದ್ರೆ ಪ್ರೀಮಿಯಂ ಬೇರೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: “ಬರೀ ನಿಂತು ನೋಡುವುದಕ್ಕೆ?”

“ಅದಕ್ಕೆ ಹೆಚ್ಚಿಗೆ ಏನಿಲ್ಲ ಅಕ್ಕ.”

“ನಿಂತಲ್ಲೇ ಬಿದ್ದರೆ?”

ಹುಡುಗ ಫಾರಂ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನೆಲ್ಲ ಓದಿದ. “ನಿಂತಲ್ಲೇ ಬಿದ್ದರೆ ಇದರಲ್ಲೇ ಬರ್ತದೆ. ಕಾಲಿಗೆ ಹಲಗೆ ಇರಬಾರದು, ಅಷ್ಟೆ.”